ಹರದವ್ವನ ಎಣ್ಣೆ

ಊರು ಒಬ್ಬರಿಗೆ ಹೆಸರಿಡಲು ನಿಂತರೆ ಮಠದ ಅಯ್ಯನವರನ್ನು ಕೇಳುವುದಿಲ್ಲ, ತೊಟ್ಟಿಲನ್ನೂ ಕಟ್ಟುವುದಿಲ್ಲ. ಕೊಣ್ಣೂರಿನ ಮುರಿಗೆಪ್ಪನ ಮೊದಲ ಹೆಂಡತಿಗೆ ತವರಿನವರು ಇಟ್ಟ ಹೆಸರು ಶಿವಗಂಗವ್ವ. ಊರು ಇಟ್ಟದ್ದು ಹರದವ್ವ. ಚೊಚ್ಚಲ ಹೆರಿಗೆಯಲ್ಲಿ ಮೈ ಹರಿದುಕೊಂಡವಳು ಎಂದು ಅದರ ಅರ್ಥ. ಮೊದಲು ಅತ್ತೆ ಗೌರವ್ವ ಸಿಟ್ಟಿನಲ್ಲಿ ಅಂದಳು. ಆಮೇಲೆ ನೆರೆಯವರು ನಕ್ಕು ಅಂದರು. ಕಡೆಗೆ ಮಜ್ಜಿಗೆ ಕೇಳಲು ಬರುವ ಹುಡುಗಿಯರು ಅರ್ಥ ತಿಳಿಯದೆಯೇ ಅನ್ನತೊಡಗಿದರು.

ಶಿವಗಂಗವ್ವ ಎಲ್ಲರಿಗೂ "ಓ" ಅನ್ನುತ್ತಿದ್ದಳು. ಅನ್ನದೆ ಏನು ಮಾಡಿಯಾಳು? ಕರೆದದ್ದಕ್ಕೆ ಓಗೊಡದಿದ್ದರೆ ಅವಳನ್ನು ಮಾತಾಡಿಸುವವರೇ ಯಾರೂ ಉಳಿಯುತ್ತಿರಲಿಲ್ಲ. ಹೆಸರು ಚುಚ್ಚಿದರೂ ಕರೆಯುವ ದನಿ ಮನುಷ್ಯರದು ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ಹೆರಿಗೆಯ ಕತೆ ಹೇಳದೆ ವಿಧಿಯಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಇದು ಯಾರಿಗೆ ಗೊತ್ತಿಲ್ಲ? ಶಿವಗಂಗವ್ವನ ತವರು ಹೊಳೆಯಾಚೆಯ ದಡ್ಡಿ ಎಂಬ ಊರು. ಅಣ್ಣ ಕರೆಯಲು ಬರಬೇಕೆನ್ನುವಷ್ಟರಲ್ಲಿ ಮಳೆ ಹಿಡಿದು ಘಟಪ್ರಭೆ ಎರಡೂ ದಡ ನುಂಗಿದಳು. ಹೊಳೆ ಇಳಿಯುವ ತನಕ ಕಾಯುವ ತಾಳ್ಮೆ ಹೊಟ್ಟೆಯಲ್ಲಿದ್ದ ಕೂಸಿಗೆ ಇರಲಿಲ್ಲ. ಊರಲ್ಲಿ ಖೈರುನಬಿ ಎಂಬ ಸೂಲಗಿತ್ತಿ ಇದ್ದಳು, ಒಳ್ಳೆಯ ಕೈಗುಣದವಳು. ಅವಳನ್ನು ಕರೆಸೋಣ ಎಂದು ಯಾರೋ ಅಂದರೆ ಗೌರವ್ವ ಬೇಡವೆಂದಳು. ತಾನು ಹಡೆದವಳಲ್ಲವೇ, ಹಡಿಸಲು ಬಾರದೇ? ನೆರೆಯ ಹೆಂಗಸರನ್ನು ಕೂಡಿಸಿಕೊಂಡು ಸೊಸೆಯ ತಲೆಯ ಮೇಲೆ ನಿಂತು, ತಿಣಕು ತಿಣಕು ಎಂದು ಒದರಿದಳು. ಹುಡುಗಿ ತಿಣುಕಿದಳು. ಹಿರಿಯರು ಹೇಳಿದ ಮಾತು ಮೀರುವ ಸೊಸೆಯಲ್ಲ ಅವಳು. ಕೂಸಿನ ತಲೆ ಹೊಸ್ತಿಲಿಗೆ ಬಂದು ನಿಂತಾಗಲೂ ತಿಣುಕಿದಳು. ಹಳೆಯ ಸೀರೆ ಹರಿದ ಹಾಗೆ ಹರಿಯಿತು. ಹುಟ್ಟಿದ ಕೂಸು ಅಳಲೇ ಇಲ್ಲ.

ಹರಿದದ್ದು ಅಷ್ಟಿಷ್ಟಲ್ಲ. ಕೆಳಗಿನ ಎರಡು ಹಾದಿಗಳ ನಡುವಿನ ಗೋಡೆಯೇ ಹೋಗಿತ್ತು. ತಡೆದುಕೊಳ್ಳುವುದು ಇನ್ನು ಅವಳ ಕೈಯಲ್ಲಿ ಉಳಿಯಲಿಲ್ಲ. ದಿನಕ್ಕೆ ಎಷ್ಟು ಸಲ ತೊಳೆದುಕೊಂಡರೂ, ಎಷ್ಟು ಅರಿವೆ ಒಗೆದರೂ, ವಾಸನೆ ಅವಳಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಗೌರವ್ವನ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿದವರು. ಲಿಂಗವಂತರಿಗೆ ಸೂತಕವಿಲ್ಲ, ಮುಟ್ಟಿಗೂ ಇಲ್ಲ, ಹೆರಿಗೆಗೂ ಇಲ್ಲ, ಸಾವಿಗೂ ಇಲ್ಲ ಎಂಬುದು ಹಿರಿಯರ ಕಾಲದಿಂದ ನಡೆದು ಬಂದ ಮಾತು. ಗೌರವ್ವ ಬಹಳ ಶಾಣ್ಯಾ ಹೆಂಗಸು. ಅವಳು ಸೂತಕ ಅನ್ನಲಿಲ್ಲ, ವಾಸನೆ ಅಂದಳು. ವಾಸನೆಯ ಬಗ್ಗೆ ಹಿರಿಯರು ಏನೂ ಹೇಳಿಟ್ಟಿರಲಿಲ್ಲ. ದನದ ಕೊಟ್ಟಿಗೆಗೆ ಹೊಂದಿಕೊಂಡು ಹೊಟ್ಟು ತುಂಬುವ ಒಂದು ಕೋಣೆ ಇತ್ತು. ಹೊಟ್ಟನ್ನು ಹೊರಗೆ ಹಾಕಿ ಸೊಸೆಯನ್ನು ಒಳಗೆ ಹಾಕಿದರು.

ಮುರಿಗೆಪ್ಪ ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಒಂದು ಗಟ್ಟಿತನ ಬೇಕು. ಅವನು ವರ್ಷಕ್ಕೊಂದು ಸೀರೆ ತಂದು ಆ ಕೋಣೆಯ ಹೊಸ್ತಿಲ ಮೇಲೆ ಇಡುತ್ತಿದ್ದ, ಎತ್ತಿಗೆ ನೀರು ಕುಡಿಸುವ ನೆವದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ, ಆಮೇಲೆ ಹೋಗುತ್ತಿದ್ದ. ಎತ್ತುಗಳಿಗೆ ಬಾಯಾರಿಕೆ ಆಗುವುದನ್ನು ಶಿವಗಂಗವ್ವ ವರ್ಷವಿಡೀ ಕಾಯುತ್ತಿದ್ದಳು.

ಆ ಕೋಣೆಯ ಒಳಗೆ ಬಂದು ಕೂತವಳು ಖೈರುನಬಿ ಒಬ್ಬಳೇ. ಹೆರಿಗೆಗೆ ಕರೆಯದಿದ್ದವಳು ಹರಿದ ಮೇಲೆ ತಾನಾಗಿಯೇ ಬಂದಳು. ಬೇವಿನ ಎಲೆ ಕುದಿಸಿದ ನೀರಿನಿಂದ ಗಾಯ ತೊಳೆದಳು, ಕೀವು ತೆಗೆದಳು, ಜೀವ ಉಳಿಸಿದಳು. ಹರಿದದ್ದನ್ನು ಕೂಡಿಸುವುದು ಅವಳಿಂದ ಆಗಲಿಲ್ಲ. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಒಂದು ದಿನ ಗಾಯ ತೊಳೆಯುತ್ತ ಅವಳು ಹೇಳಿದ ಮಾತು ಶಿವಗಂಗವ್ವನ ಎದೆಯಲ್ಲಿ ಕೂತುಬಿಟ್ಟಿತು.

"ನೀ ರೊಟ್ಟಿ ಮಾಡಾಕಿ ಅದಿ, ನಿನಗ ಗೊತ್ತೈತಿ. ನಾದಲಾರದ ಹಿಟ್ಟ ತಟ್ಟಿದರ ಅಂಚು ಒಡೀತೈತಿ. ನಾದಿದ ಹಿಟ್ಟ ತಟ್ಟಿದಷ್ಟೂ ಹಿಗ್ಗತೈತಿ. ಹೆಣ್ಣಿನ ಮೈಯೂ ಹಂಗ ಐತವ್ವಾ. ದಿನ ತುಂಬಾಕ ಬಂದಾಗ ದಿನಾ ಒಂದೀಟ ಎಣ್ಣಿ ಹಚ್ಚಿ, ಆ ಅಂಚು ಮೆತ್ತಗ ಮಾಡಬೇಕು. ಆಮ್ಯಾಲೂ ಹರೀಬಹುದು, ಅಲ್ಲಾನ ಮರ್ಜಿ. ಆದ್ರ ಹಿಂಗ ಹರಿಯೂದಿಲ್ಲ."

ಆಮೇಲಿನ ದಿನಗಳಲ್ಲಿ ಅವಳು ಆ ಕೆಲಸವನ್ನು ವಿವರವಾಗಿ ಹೇಳಿಕೊಟ್ಟಳು. ಎಷ್ಟು ಎಣ್ಣೆ, ಯಾವ ಬೆರಳು, ಎಷ್ಟು ಒತ್ತು, ಉರಿ ಎದ್ದರೆ ಎಲ್ಲಿ ನಿಲ್ಲಿಸಬೇಕು. ತಲೆ ಹೊಸ್ತಿಲಿಗೆ ಬಂದಾಗ ತಿಣುಕಬಾರದು, ಒಲೆ ಊದಿದ ಹಾಗೆ ಬಾಯಿಂದ ಉಸಿರು ಬಿಡಬೇಕು, ಕೂಸು ತಾನಾಗಿ ಜಾರಿ ಬರುತ್ತದೆ. ತನಗೆ ಇನ್ನು ಇದರಿಂದ ಏನು ಉಪಯೋಗ ಎಂದು ಶಿವಗಂಗವ್ವ ಕೇಳಿದರೆ, ಖೈರುನಬಿ ಎಲೆ ಅಡಿಕೆ ಚೀಲ ಬಿಚ್ಚಿದಳು. ಬಹುಶಃ ಆ ಕೋಣೆಯಲ್ಲಿ ಮಾತಾಡಲು ಅವಳಿಗೆ ಬೇರೆ ವಿಷಯ ಇರಲಿಲ್ಲ. ದೊಡ್ಡ ಜ್ವರ ಬಂದ ವರ್ಷ, ಮನೆಮನೆಯಲ್ಲೂ ಹೆಣ ಎದ್ದ ವರ್ಷ, ಖೈರುನಬಿಯೂ ಹೋದಳು. ಅಂದಿನಿಂದ ಶಿವಗಂಗವ್ವನ ಮೈಯನ್ನು ಯಾರ ಕೈಯೂ ಮುಟ್ಟಲಿಲ್ಲ. ಆಕಳು ಆಗಾಗ ಕೈ ನೆಕ್ಕುತ್ತಿತ್ತು, ಅಷ್ಟೇ.

ಮರುವರ್ಷ ಮುರಿಗೆಪ್ಪನಿಗೆ ಎರಡನೆಯ ಮದುವೆಯಾಯಿತು. ಹೊಸ ಹೆಂಡತಿ ಸೀತವ್ವ ಸಂಕೇಶ್ವರದ ಕಡೆಯವಳು. ಕೊನೆಯ ತಮ್ಮನನ್ನು ಹಡೆಯುವಾಗ ತಾಯಿ ತೀರಿಕೊಂಡು, ತಮ್ಮಂದಿರನ್ನೆಲ್ಲ ಎತ್ತಿ ಆಡಿಸಿ ದೊಡ್ಡವರನ್ನು ಮಾಡುವುದರಲ್ಲಿ ಅವಳ ಮದುವೆಯ ವಯಸ್ಸು ದಾಟಿತ್ತು. ಇಪ್ಪತ್ತು ಮುಗಿದ ಹುಡುಗಿಗೆ ಎರಡನೆಯ ಸಂಬಂಧ ಸಿಕ್ಕಿದ್ದೇ ಪುಣ್ಯ ಎಂದು ಅಪ್ಪ ಕೈ ಮುಗಿದು ಕೊಟ್ಟಿದ್ದ. ದಿನಾ ಎರಡು ಹೊತ್ತು ಕೊಟ್ಟಿಗೆಯ ಕೋಣೆಗೆ ರೊಟ್ಟಿ ತಂದಿಡುವ ಕೆಲಸ ಅವಳ ಪಾಲಿಗೆ ಬಂತು. ಬರುತ್ತಿದ್ದಳು, ಹೊಸ್ತಿಲ ಹೊರಗೆ ತಾಟು ಇಡುತ್ತಿದ್ದಳು, ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕೋ ಬೇಡವೋ ತಿಳಿಯದೆ ಸೆರಗಿನ ತುದಿ ಹಿಡಿದು ನಿಲ್ಲುತ್ತಿದ್ದಳು. ಆ ಸಂಕೋಚವೇ ಶಿವಗಂಗವ್ವನಿಗೆ ಹಿಡಿಸಿತು. ಮುಚ್ಚಿಕೊಳ್ಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು.

ಸೀತವ್ವ ಬಸುರಿಯಾದಳು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಅದು ಸುಳ್ಳು. ಬಸುರಿಗೆ ಉಡಿ ತುಂಬುವ ಕುಬಸದ ದಿನ ಹಸಿರು ಬಳೆಗಳ ಸದ್ದು, ಆರತಿ ಹಾಡು, ಹೋಳಿಗೆಯ ಪರಿಮಳ ಎಲ್ಲ ಕೊಟ್ಟಿಗೆಯ ತನಕ ಬಂದವು. ಶಿವಗಂಗವ್ವ ಕೋಣೆಯ ಬಾಗಿಲು ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂತು, ಅತ್ತಳು. ತನ್ನ ಕುಬಸದಲ್ಲೂ ಅದೇ ಹೆಂಗಸರು ಅದೇ ಹಾಡು ಹಾಡಿದ್ದರು. ಅಳು ಮುಗಿದ ಮೇಲೆ ಅವಳಿಗೆ ಇನ್ನೊಂದು ಮಾತು ಕೇಳಿಸಿತು. ಪಡಸಾಲೆಯಲ್ಲಿ ಗೌರವ್ವ ಯಾರಿಗೋ ಹೇಳುತ್ತಿದ್ದಳು. ಈ ಹುಡುಗಿಗೆ ತವರಿನಲ್ಲಿ ತಾಯಿಯಿಲ್ಲ, ಅಲ್ಲಿಗೆ ಯಾಕೆ ಕಳಿಸಬೇಕು, ಬಾಣಂತನ ಇಲ್ಲೇ ಆಗಲಿ, ನಾನೇ ಹಡಿಸುತ್ತೇನೆ.

ಹೊಟ್ಟೆಕಿಚ್ಚು ಅಲ್ಲಿಗೆ ಇಳಿಯಿತು, ಅದರ ಜಾಗದಲ್ಲಿ ಭಯ ಬಂತು. ಅದೇ ಮನೆ, ಅದೇ ಅತ್ತೆ, ಅದೇ ತಿಣಕು. ಹೊಟ್ಟು ತುಂಬುವ ಇನ್ನೊಂದು ಕೋಣೆ ಕಟ್ಟಿಸುವುದು ಗೌರವ್ವನಿಗೆ ಕಷ್ಟವಲ್ಲ. ಮೂರನೆಯ ಹೆಣ್ಣು ತರುವುದೂ ಕಷ್ಟವಲ್ಲ. ಶಿವಗಂಗವ್ವನಿಗೆ ಆ ಹುಡುಗಿ ಹರಿಯಬಾರದು ಎನ್ನಿಸಿತು. ಬದುಕಿನಲ್ಲಿ ಬೇರೆ ಏನನ್ನೂ ಬೇಡದ ಹಾಗೆ ಅದೊಂದನ್ನು ಬೇಡಿದಳು.

ಮರುದಿನ ರೊಟ್ಟಿ ತಂದಾಗ ಎಣ್ಣೆ ಹಚ್ಚುವ ಮಾತು ತೆಗೆದಳು. ಸೀತವ್ವ ಕೇಳಿ ಹೆದರಿ, ತಾಟು ಇಟ್ಟು, ಹಿಂದೆ ಸರಿದಳು. ಅವಳನ್ನು ಬೈಯುವಂತಿಲ್ಲ. ಕೂಸು ಕಳೆದುಕೊಂಡವಳ ಕೈ ಬಸುರಿಯ ಮೈಗೆ ತಾಗಬಾರದು ಎಂದು ಗೌರವ್ವ ದಿನಾ ಕಿವಿಯಲ್ಲಿ ಊದುತ್ತಿದ್ದಳು. ಬಾಯಿಮಾತಿನಿಂದ ಇದು ಆಗುವ ಕೆಲಸವಲ್ಲ ಎಂದು ಶಿವಗಂಗವ್ವನಿಗೆ ತಿಳಿಯಿತು. ಸಂಜೆ ಬರುವಾಗ ಒಂದು ಮುಷ್ಟಿ ಜೋಳದ ಹಿಟ್ಟು ತಾ ಎಂದಳು. ಹಿಟ್ಟಿಗೆ ಏನು ದೋಷ? ಸೀತವ್ವ ತಂದಳು.

ಶಿವಗಂಗವ್ವ ತನ್ನ ಸಣ್ಣ ಒಲೆಯ ಮೇಲಿದ್ದ ಬಿಸಿನೀರು ಹಾಕಿ ಹಿಟ್ಟು ಕಲಸಿದಳು. ಎರಡು ಉಂಡೆ ಮಾಡಿದಳು. ಒಂದನ್ನು ಹಾಗೇ ಬಿಟ್ಟಳು. ಇನ್ನೊಂದನ್ನು ಅಂಗೈಯಿಂದ ಒತ್ತಿ ಒತ್ತಿ, ನೀರು ಸವರಿ ನಾದಿದಳು. ಆಮೇಲೆ ಎರಡನ್ನೂ ಹೊಸ್ತಿಲ ಕಲ್ಲಿನ ಮೇಲೆ ತಟ್ಟಿದಳು. ನಾದಿದ್ದು ತೆಳ್ಳಗೆ, ದುಂಡಗೆ ಹರಡಿತು. ನಾದದೆ ಬಿಟ್ಟದ್ದು ಅರ್ಧಕ್ಕೇ ಅಂಚಿನಲ್ಲಿ ಬಿರಿದು ನಡುವಿನ ತನಕ ಸೀಳಿತು. ಆ ಸೀಳಿನ ಮೇಲೆ ಬೆರಳಿಟ್ಟು, ಇದು ನಾನು ಎಂದಳು.

ಸೀತವ್ವ ಬಹಳ ಹೊತ್ತು ಆ ಸೀಳನ್ನೇ ನೋಡಿದಳು. ಅವಳು ಹುಟ್ಟಿದಾಗಿನಿಂದ ರೊಟ್ಟಿ ತಟ್ಟಿದವಳು, ಅವಳಿಗೆ ಇನ್ನು ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಮ್ಮವ್ವನೂ ಹಡಿಯೂದರಾಗ ಹೋದಳ್ರಿ, ಅಕ್ಕಾರ," ಎಂದಳು. "ನನಗ ಭಾಳ ಅಂಜಕಿ ಆಗೈತಿ. ನನಗ ಕೈ ಎಟಕೂದಿಲ್ಲ, ನೀವ ಹಚ್ಚರಿ."

ಅಕ್ಕಾರ ಎಂದಿದ್ದಳು. ಹರದವ್ವ ಎನ್ನಲಿಲ್ಲ. ಶಿವಗಂಗವ್ವ ಮುಖ ತಿರುಗಿಸಿ ಒಲೆಯ ಬೂದಿ ಕೆದರಿದಳು.

ಇನ್ನು ಎಣ್ಣೆ ಬೇಕು. ಮನೆಯ ಎಣ್ಣೆ ಗಡಿಗೆಯ ಮೂತಿಗೆ ಕಟ್ಟಿದ ಅರಿವೆ ಬಿಚ್ಚುವ ಅಧಿಕಾರ ಗೌರವ್ವನೊಬ್ಬಳದು. ಹೊಲದ ಕುಸುಬಿಯನ್ನು ಗಾಣಕ್ಕೆ ಹಾಕಿಸಿದ ಎಣ್ಣೆ, ಆದರೂ ಒಂದು ಹನಿ ಅತ್ತಿತ್ತ ಆಗುವಂತಿಲ್ಲ. ಶಿವಗಂಗವ್ವನ ಪಣತಿಗೆ ಮಾತ್ರ ಸಂತೆಯ ದಿನಕ್ಕೊಮ್ಮೆ ಒಂದು ಸೌಟು ಎಣ್ಣೆ ಸಿಗುತ್ತಿತ್ತು. ಆಕೆ ಪಣತಿ ಹಚ್ಚುವುದನ್ನು ಬಿಟ್ಟಳು. ಹೊತ್ತು ಮುಳುಗಿದ ಮೇಲೆ ಕತ್ತಲೆಯಲ್ಲೇ ತೊಳೆದುಕೊಳ್ಳುವುದು, ಕತ್ತಲೆಯಲ್ಲೇ ಉಣ್ಣುವುದು, ಕತ್ತಲೆಯಲ್ಲೇ ಮಲಗುವುದು. ಒಂಟಿಯಾಗಿ ಇರುವವರಿಗೆ ದೀಪ ಎಂದರೆ ಏನು ಎಂದು ಅದನ್ನು ಬಿಟ್ಟವರಿಗೇ ಗೊತ್ತು. ಉರಿಯುವಾಗ ಅದೂ ಒಂದು ಜೊತೆಯೇ. ಕೋಣೆಯಲ್ಲಿ ಬೆಳಕಿಲ್ಲದ್ದನ್ನು ಕಂಡು ಗೌರವ್ವ, ಹರದವ್ವನಿಗೆ ಈಗ ಬುದ್ಧಿ ಬಂತು, ಎಣ್ಣೆ ಉಳಿಸಲು ಕಲಿತಳು ಎಂದು ಮೆಚ್ಚಿಕೊಂಡಳು. ಆ ಮನೆಯಲ್ಲಿ ಶಿವಗಂಗವ್ವ ಅತ್ತೆಯಿಂದ ಮೆಚ್ಚಿಸಿಕೊಂಡದ್ದು ಅದೊಂದೇ ಸಲ.

ಮಧ್ಯಾಹ್ನ ಗೌರವ್ವ ಉಂಡು ಅಡ್ಡಾದ ಮೇಲೆ ಸೀತವ್ವ ಬರುತ್ತಿದ್ದಳು. ಇಡೀ ಮನೆಯಲ್ಲಿ ಯಾರೂ ಕಾಲಿಡದ ಜಾಗ ಎಂದರೆ ಅದೇ ಕೋಣೆ, ಹಾಗಾಗಿ ಅದರಷ್ಟು ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಶಿವಗಂಗವ್ವ ಉಗುರು ತೆಗೆದು, ಕೈಯನ್ನು ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಎಣ್ಣೆಯನ್ನು ಕೈಯಲ್ಲೇ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಗೋಡೆಗೆ ಒರಗಿ ಕೂತ ಸೀತವ್ವ ಸೂರಿನ ಜಂತಿ ನೋಡುತ್ತ ತಮ್ಮಂದಿರ ತಂಟೆಯ ಕತೆ ಹೇಳುತ್ತಿದ್ದಳು. ಶಿವಗಂಗವ್ವ ಹೆಬ್ಬೆರಳಿನಿಂದ ಕೆಳಗಿನ ಅಂಚನ್ನು ಮೆಲ್ಲಗೆ ಒತ್ತಿ, ಬಿಲ್ಲಿನ ಹಾಗೆ ಅತ್ತಿಂದಿತ್ತ ನೀವುತ್ತಿದ್ದಳು. ಉರಿ ಎದ್ದರೆ ಸೀತವ್ವ ಹುಬ್ಬು ಗಂಟಿಕ್ಕುವಳು, ಕೈ ಅಲ್ಲಿಗೆ ನಿಲ್ಲುವುದು. ಮೊದಲ ದಿನಗಳಲ್ಲಿ ಬಿಗಿಯಾಗಿದ್ದದ್ದು ಬರಬರುತ್ತ ಹದಕ್ಕೆ ಬಂತು. ಬೆರಳಿಗೆ ಅದು ತಿಳಿಯುತ್ತಿತ್ತು. ಏಳುವಾಗ ಹೊಟ್ಟೆಯ ಭಾರಕ್ಕೆ ಸೀತವ್ವ ಶಿವಗಂಗವ್ವನ ಹೆಗಲು ಹಿಡಿದೇ ಏಳಬೇಕಾಗುತ್ತಿತ್ತು. ಆ ಹಿಡಿತವನ್ನು ಶಿವಗಂಗವ್ವ ಮರುದಿನದ ತನಕ ಹೆಗಲ ಮೇಲೆ ಇಟ್ಟುಕೊಂಡಿರುತ್ತಿದ್ದಳು.

ಊದುವುದನ್ನೂ ಕಲಿಸಿದಳು. ಒಲೆಯ ಊದುಗೊಳವೆಯನ್ನು ಬಾಯಿಗೆ ಕೊಟ್ಟು, ಹೊಟ್ಟೆಗೆ ಬಿಗಿ ಕೊಡದೆ ಉಸಿರು ಬಿಡುವುದನ್ನು ತೋರಿಸಿದಳು. ಸೀತವ್ವ ಊದಿದಾಗ ಬೂದಿ ಎದ್ದು ಇಬ್ಬರ ಮುಖಕ್ಕೂ ಬಡಿಯಿತು. ಇಬ್ಬರೂ ನಕ್ಕರು. ಆ ಕೋಣೆ ನಗೆ ಕೇಳಿ ಎಷ್ಟೋ ಕಾಲವಾಗಿತ್ತು.

"ತಲಿ ಹೊಸ್ತಲಕ ಬಂದಾಗ ಯಾರ ಎಷ್ಟ ಒದರಲಿ, ನೀ ತಿಣಕಬ್ಯಾಡ," ಎಂದಳು ಶಿವಗಂಗವ್ವ. "ಒಲಿ ಊದಿದಂಗ ಊದು. ನಾ ಅಲ್ಲಿ ಇರೂದಿಲ್ಲ, ನನ್ನ ಬಿಡೂದಿಲ್ಲ. ನೆನಪ ಇಟಗೊ."

ಆ ನಗೆಯೇ ಅವರನ್ನು ಹಿಡಿದುಕೊಟ್ಟಿತು. ಗೌರವ್ವ ಎಚ್ಚತ್ತು, ದನಿ ಹಿಡಿದು ಬಂದು, ಬಾಗಿಲಲ್ಲಿ ನಿಂತು ಎಣ್ಣೆಯ ಬಟ್ಟಲು ಕಂಡಳು. ಆಮೇಲೆ ನಡೆದದ್ದನ್ನು ಓಣಿಯೆಲ್ಲ ಕೇಳಿತು. ತಾನು ಹರಿದುಕೊಂಡವಳು ಇವಳನ್ನೂ ಹರಿಯಲು ಕೂತಿದ್ದಾಳೆ, ಮಾಟದ ಎಣ್ಣೆ ಹಚ್ಚಿದ್ದಾಳೆ ಎಂದಳು. ಮುರಿಗೆಪ್ಪ ಆಗಷ್ಟೇ ಮೂಡಲಗಿಯ ಸಂತೆಯಿಂದ ಬಂದವನು, ಎತ್ತಿನ ಕೊರಳ ಹಗ್ಗ ಬಿಚ್ಚುತ್ತ ನಿಂತ. ಅದು ಎಷ್ಟು ಬಿಚ್ಚಿದರೂ ಮುಗಿಯದ ಹಗ್ಗ. ಸೀತವ್ವ ತಲೆ ತಗ್ಗಿಸಿದಳು. ಅಂದಿನಿಂದ ರೊಟ್ಟಿ ತಾಟನ್ನು ಗೌರವ್ವನೇ ತಂದು ಎಸೆದು ಹೋಗತೊಡಗಿದಳು, ಪಣತಿಯ ಎಣ್ಣೆ ಪೂರಾ ನಿಂತಿತು. ಶಿವಗಂಗವ್ವನಿಗೆ ಮತ್ತೆ ಕತ್ತಲೆಯೇ ಗತಿಯಾಯಿತು. ಮೊದಲಿನ ಕತ್ತಲೆಗೆ ಒಂದು ಕಾರಣವಿತ್ತು, ಈ ಕತ್ತಲೆಗೆ ಇರಲಿಲ್ಲ.

ಸೀತವ್ವನಿಗೆ ಹೆರಿಗೆಯ ಬ್ಯಾನೆ ಎದ್ದದ್ದು ಒಂದು ಬೆಳಗ್ಗೆ. ಹೆರಿಗೆಯ ಕೋಣೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಗಡೆ ಒಂದು ಬೆಳಕಿಂಡಿ. ಶಿವಗಂಗವ್ವ ಅಂಗಳಕ್ಕೆ ಬಂದರೆ ಕಾಲು ಮುರಿಯುವೆ ಎಂದು ಗೌರವ್ವ ಹೇಳಿಯೇ ಒಳಗೆ ಹೋಗಿದ್ದಳು. ಶಿವಗಂಗವ್ವ ಅಂಗಳಕ್ಕೆ ಬರಲಿಲ್ಲ. ಆಕಳಿನ ಪಕ್ಕ, ಗೋಡೆಗೆ ಕಿವಿ ಕೊಟ್ಟು ನಿಂತಳು. ಬಿಸಿಲು ನೆತ್ತಿಗೆ ಬಂತು. ಒಳಗೆ ನರಳಾಟ ಬಿಗಿಯಾಯಿತು, ದನಿ ಬದಲಾಯಿತು. ಆ ದನಿ ಶಿವಗಂಗವ್ವನಿಗೆ ಗೊತ್ತು. ತಲೆ ಬಂದಿತ್ತು. ಅಷ್ಟರಲ್ಲಿ ಗೌರವ್ವ ಶುರುಮಾಡಿದಳು, ಹೆಂಗಸರೆಲ್ಲ ದನಿಗೂಡಿಸಿದರು.

"ತಿಣಕ! ತಿಣಕವಾ!"

ಶಿವಗಂಗವ್ವನಿಗೆ ತನ್ನ ಹರಿದ ಮೈಯೇ ಆ ದನಿಗೆ ಮತ್ತೊಮ್ಮೆ ಹರಿದಂತಾಯಿತು. ಆ ಹುಡುಗಿಯೂ ಹಿರಿಯರ ಮಾತು ಮೀರುವವಳಲ್ಲ. ಕೂಗಿ ಹೇಳಿದರೆ ತನ್ನ ದನಿ ಆ ಗದ್ದಲದಲ್ಲಿ ಯಾರಿಗೆ ಕೇಳೀತು, ಕೇಳಿದರೂ ಯಾರು ಬಿಟ್ಟಾರು? ಓಡಿ ಹೋಗಿ ಊದುಗೊಳವೆ ತಂದಳು. ಮೇವಿನ ಗೋದಲಿಯ ಮೇಲೆ ಹತ್ತಿ ನಿಂತು, ಅದರ ತುದಿಯನ್ನು ಬೆಳಕಿಂಡಿಗೆ ತೂರಿಸಿ, ಊದಿದಳು. ಒಲೆಯಿಲ್ಲ, ಕೆಂಡವಿಲ್ಲ, ಬರೀ ಗಾಳಿಗೆ ಊದಿದಳು. ಫೂ ಫೂ ಎಂದು ಒಂದೇ ಸಮನೆ, ಎದೆ ಬತ್ತುವ ತನಕ. ಹೆಂಗಸರ ಒದರಾಟದ ನಡುವೆ ಆ ಸದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಮನೆಯಲ್ಲಿ ಯಾರೋ ಒಲೆ ಊದುತ್ತಿದ್ದಾರೆ ಎಂದುಕೊಂಡಿರಬೇಕು. ಗೋಡೆಯ ಆಚೆ ಒಬ್ಬಳಿಗೆ ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದಲೂ ಅದೇ ಸದ್ದು ಬರತೊಡಗಿತು. ಫೂ, ಫೂ. ಯಾಕ ತಿಣಕವಲ್ಲಿ ಎಂದು ಗೌರವ್ವ ಬೈಯುತ್ತಿದ್ದಳು. ಸೀತವ್ವ ಊದುತ್ತಿದ್ದಳು. ಆಮೇಲೆ ಕೂಸು ಅತ್ತಿತು.

ಹೆಣ್ಣೋ ಗಂಡೋ ಎಂದು ಯಾರೂ ಬಂದು ಹೇಳಲಿಲ್ಲ. ಹರಿಯಿತೋ ಇಲ್ಲವೋ ಎಂಬುದಂತೂ ಕೇಳಲೇ ಬಾರದ ಮಾತು. ಬಾಣಂತಿಯ ಅರಿವೆಗಳನ್ನು ಒಗೆಯಲು ಗೌರವ್ವ ಶಿವಗಂಗವ್ವನ ಬಾಗಿಲಿಗೇ ಎಸೆದಳು. ಹೊಲಸು ಕೆಲಸಕ್ಕೆ ಹರದವ್ವ ಇದ್ದೇ ಇದ್ದಳಲ್ಲ. ಶಿವಗಂಗವ್ವ ಒಂದೊಂದು ಅರಿವೆಯನ್ನೂ ಬಿಸಿಲಿಗೆ ಹಿಡಿದು ನೋಡಿದಳು, ಮೂಸಿ ನೋಡಿದಳು. ಹೆತ್ತ ಮೈಯ ಕೆಂಪು ಇತ್ತು. ಅದಲ್ಲದೆ ಬೇರೆ ಏನೂ ಇರಲಿಲ್ಲ. ದಿನ ಕಳೆದ ಹಾಗೆ ಕೆಂಪೂ ಕಡಿಮೆಯಾಯಿತು. ಒಂದು ಬೆಳಗ್ಗೆ ಬೆಳಕಿಂಡಿಯಿಂದ ನೋಡಿದರೆ ಸೀತವ್ವ ಬಚ್ಚಲಿಗೆ ಹೋಗುತ್ತಿದ್ದಳು, ನೆಟ್ಟಗೆ, ಗೋಡೆ ಹಿಡಿಯದೆ. ಶಿವಗಂಗವ್ವ ಆಕಳಿನ ಕೊರಳಿಗೆ ಬಿದ್ದು ಅತ್ತಳು. ಹೇಳಿಕೊಳ್ಳಲು ಬೇರೆ ಯಾರಿದ್ದರು?

ಹುಟ್ಟಿದ್ದು ಹೆಣ್ಣು, ಪಾರವ್ವ ಎಂದು ಹೆಸರಿಟ್ಟರು. ಮುರಿಗೆಪ್ಪ ಗೋಕಾಕದಿಂದ ಬಾಣಂತಿಗೆಂದು ಅಂಟು, ಒಣಕೊಬ್ಬರಿ ತಂದ. ಅಂಟಿನ ಉಂಡಿ ಕಟ್ಟುತ್ತ ಗೌರವ್ವ ಬಂದವರಿಗೆಲ್ಲ ಹೇಳಿದಳು, ನನ್ನ ಕೈಗುಣ ನೋಡಿ, ಒಂದು ಎಳೆ ಹರಿಯದ ಹಾಗೆ ಹಡಿಸಿದೆ, ಆ ಹರದವ್ವನ ಮೈಯೇ ಸರಿಯಿರಲಿಲ್ಲ. ಇದು ಗೋಡೆಯ ಆಚೆ ಸ್ಪಷ್ಟವಾಗಿ ಕೇಳಿತು. ಅತ್ತೆಯ ಮಾತಿಗಿಂತ ಸೀತವ್ವನ ಮೌನ ಶಿವಗಂಗವ್ವನನ್ನು ಹೆಚ್ಚು ಸುಟ್ಟಿತು. ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಬಾಣಂತನ ಮುಗಿದ ಮೇಲೂ ಆ ಕೋಣೆಗೆ ಬರಲಿಲ್ಲ. ಎದುರು ಸಿಕ್ಕರೆ ಕಣ್ಣು ತಪ್ಪಿಸಿದಳು. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ, ಎಂದುಕೊಂಡಳು ಶಿವಗಂಗವ್ವ. ಹಾಗೆ ಅಂದುಕೊಂಡಾಗ ಬಾಯಿ ಕಹಿಯಾಯಿತು. ಅಕ್ಕಾರ ಎಂದು ಕರೆಸಿಕೊಂಡ ಮೇಲೆ ಹರದವ್ವ ಎಂದು ಕರೆದರೆ ಓ ಅನ್ನುವುದು ಮೊದಲಿಗಿಂತ ಕಷ್ಟವಾಗಿತ್ತು.

ಅಂಬೆಗಾಲಿಡುವ ಕೂಸಿಗೆ ಯಾರ ಭಯ? ಪಾರವ್ವ ಆಕಳ ಕರುವನ್ನು ಹುಡುಕಿಕೊಂಡು ಕೊಟ್ಟಿಗೆಗೆ ಬಂದಳು, ಅಲ್ಲಿಂದ ಕೋಣೆಗೆ ಬಂದಳು. ಕೂಸುಗಳಿಗೆ ಎಲ್ಲ ವಾಸನೆಯೂ ಒಂದೇ. ಶಿವಗಂಗವ್ವನ ತೊಡೆಯ ಮೇಲೆ ಕೂತಳು, ಅಲ್ಲೇ ನಿದ್ದೆ ಹೋದಳು. ಗೌರವ್ವ ಎಳೆದುಕೊಂಡು ಹೋದರೆ ಮತ್ತೆ ಬಂದಳು. ಮಾತು ಬಂದ ಮೇಲೆ, ಮನೆಯವರು ಕರೆಯುವ ಹೆಸರನ್ನೇ ತಾನೂ ಕರೆದಳು. ಆದರೆ ಅವಳ ನಾಲಿಗೆಗೆ ರ ಹೊರಳುತ್ತಿರಲಿಲ್ಲ. ರೊಟ್ಟಿಗೆ ಡೊಟ್ಟಿ ಎನ್ನುವಳು, ನೀರಿಗೆ ನೀಡು ಎನ್ನುವಳು, ತನ್ನ ಹೆಸರನ್ನು ಪಾಡವ್ವ ಎನ್ನುವಳು. ಹರದವ್ವನನ್ನು ಕರೆಯಲು ಹೋಗಿ ಹಡದವ್ವ ಎಂದಳು.

ಹಡದವ್ವ. ಹಡೆದ ತಾಯಿ.

ಅದನ್ನು ಮೊದಲು ಕೇಳಿದ ದಿನ ಶಿವಗಂಗವ್ವನ ಕೈಯಿಂದ ತಂಬಿಗೆ ಜಾರಿತು. ಊರೆಲ್ಲ ಹರದವ್ವ ಎಂದರೆ ಓ ಎನ್ನುತ್ತಿದ್ದವಳು, ಇದಕ್ಕೆ ಮಾತ್ರ ಓ ಅನ್ನಲಾರದೆ ಹೋದಳು. ಅನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಅಂದರೆ ಇನ್ನೊಬ್ಬಳ ಮನೆಯ ಬೆಲ್ಲ ಕದ್ದು ತಿಂದಂತೆ. ಕೂಸು ಕರೆದಾಗಲೆಲ್ಲ ಸುಮ್ಮನೆ ತಲೆ ಎತ್ತಿ ನೋಡುತ್ತಿದ್ದಳು. ಇದು ನಾಲಿಗೆಯ ತಪ್ಪು, ನಾಳೆ ನಾಲಿಗೆ ತಿರುಗಿದರೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡರೂ ಬೆಳಗಾದರೆ ಅದೊಂದು ಕರೆಯನ್ನು ಕಾಯುತ್ತಿದ್ದಳು.

ಗೌರವ್ವನಿಗೆ ಮೈಯೆಲ್ಲ ಉರಿ. ಹಡೆದವಳು ಒಳಗಿದ್ದರೆ ಹೆಸರು ಕೊಟ್ಟಿಗೆಗೆ ಹೋಯಿತೇ? ಮೊಮ್ಮಗಳ ನಾಲಿಗೆ ತಿದ್ದಲು ಕೂತಳು. ಬೆಲ್ಲದ ಚೂರು ಕೈಯಲ್ಲಿ ಹಿಡಿದು, ರೊಟ್ಟಿ ಅನ್ನು, ಕೊಡುತ್ತೇನೆ ಎನ್ನುವಳು. ಡೊಟ್ಟಿ ಎಂದರೆ ಬೆಲ್ಲ ಇಲ್ಲ. ಗೋಡೆಯ ಈಚೆ ಕೂತ ಶಿವಗಂಗವ್ವ ಪ್ರತಿ ಸಲವೂ ಉಸಿರು ಹಿಡಿದು ಕೇಳುತ್ತಿದ್ದಳು. ಡೊಟ್ಟಿ ಎಂದು ಕೇಳಿದರೆ ಜೀವ ಬರುತ್ತಿತ್ತು. ಕೂಸಿಗೆ ಮಾತು ನೆಟ್ಟಗೆ ಬಾರದಿರಲಿ ಎಂದು ಬಯಸುವ ತನ್ನ ಬಗ್ಗೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು.

ಬೆಲ್ಲ ಕಲ್ಲನ್ನೂ ಕರಗಿಸುತ್ತದೆ. ಒಂದು ಬೆಳಗ್ಗೆ, ಸೀತವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿರುವಾಗ, ಪಾರವ್ವನ ನಾಲಿಗೆ ಹೊರಳಿತು. ರೊಟ್ಟಿ ಎಂದಳು, ನೀರು ಎಂದಳು, ಪಾರವ್ವ ಎಂದು ತನ್ನ ಹೆಸರು ತಾನೇ ಕೂಗಿದಳು. ಬೆಲ್ಲ ಬಾಯಿಗೆ ಹಾಕಿಕೊಂಡು, ಈ ಹೊಸ ವಿದ್ಯೆಯನ್ನು ಎಲ್ಲರಿಗಿಂತ ಮೊದಲು ಯಾರಿಗೆ ತೋರಿಸಬೇಕೋ ಅವರ ಹತ್ತಿರವೇ ಓಡಿದಳು. ಗೌರವ್ವ ಕಟ್ಟೆಯ ಮೇಲೆ ನಿಂತು ನಗುತ್ತಿದ್ದಳು.

"ಹರದವ್ವಾ!" ಎಂದಳು ಪಾರವ್ವ, ರ ಗಣಗಣ ಅನ್ನುವ ಹಾಗೆ.

ಶಿವಗಂಗವ್ವ ಅವಳ ತಲೆ ನೇವರಿಸಿ, ಶಾಣ್ಯಾ ಆದಿ ಎಂದಳು. ಓ ಅನ್ನಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಇಷ್ಟೇ ಇತ್ತು, ಮುಗಿಯಿತು ಎಂದುಕೊಂಡಳು. ನಾಲಿಗೆ ಕೊಟ್ಟದ್ದನ್ನು ನಾಲಿಗೆ ತಿರುಗಿ ಕಸಿದುಕೊಂಡಿತ್ತು.

ಆಗ ಸೀತವ್ವ ಒಲೆಯ ಮುಂದಿನಿಂದ ಎದ್ದಳು. ಕೈತುಂಬ ಹಿಟ್ಟು, ತೊಳೆಯಲೂ ಇಲ್ಲ. ಕಟ್ಟೆಯ ಮೇಲೆ ನಿಂತ ಅತ್ತೆಯ ಎದುರಿನಿಂದಲೇ ಅಂಗಳ ದಾಟಿ, ಆ ಕೋಣೆಯ ಹೊಸ್ತಿಲು ದಾಟಿ ಒಳಗೆ ಬಂದಳು. ಮಗಳನ್ನು ಹೆಗಲು ಹಿಡಿದು ತನ್ನ ಕಡೆ ತಿರುಗಿಸಿದಳು.

"ಹಂಗಲ್ಲವ್ವಾ. ಮೊದಲ ಏನಂತಿದ್ದಿ?"

ಅದು ತಪ್ಪು ಎಂದು ಆಯಿ ಹೇಳಿದ್ದಾಳೆ ಎಂದಳು ಪಾರವ್ವ, ಅಜ್ಜಿಯ ಕಡೆ ಬೆರಳು ತೋರಿಸಿ.

"ಅದ ಖರೆ. ರ ಅಲ್ಲ, ಡ. ಹಡದವ್ವ ಅನ್ನು."

ಹಡೆದವಳು ನೀನೋ ಅವಳೋ ಎಂದು ಗೌರವ್ವ ಕಟ್ಟೆಯಿಂದ ಕೂಗಿದಳು. ಸೀತವ್ವ ಈ ಸಲ ತಲೆ ತಗ್ಗಿಸಲಿಲ್ಲ.

"ಹಡದಾಕಿ ನಾನ ಖರೆರಿ, ಅತ್ತಿ. ಆದ್ರ ನಾ ಹರೀಲಾರದ ಹಡದದ್ದು ಅಕ್ಕಾರ ಕೈಲೆ. ಅವತ್ತ ನಿಮ್ಮ ಮಾತ ಕೇಳಿ ತಿಣಕಿದ್ದರ ಇವತ್ತ ಈ ಕೋಣ್ಯಾಗ ಇಬ್ಬರು ಇರ್ತಿದ್ದಿವಿ. ಇಷ್ಟ ದಿನ ಹೇಳಲಿಲ್ಲ, ಅಂಜಕೊಂಡಿದ್ದೆ."

ಹೆಂಚಿನ ಮೇಲೆ ಬಿಟ್ಟು ಬಂದ ರೊಟ್ಟಿ ಕರಕಾಗುವ ವಾಸನೆ ಅಂಗಳದ ತುಂಬ ಹರಡಿತು. ಯಾರೂ ಹೋಗಿ ತಿರುವಲಿಲ್ಲ. ಪಾರವ್ವ ತಾಯಿಯ ಮುಖ ನೋಡಿದಳು, ಆಯಿಯ ಮುಖ ನೋಡಿದಳು, ಈಗಷ್ಟೇ ಕಲಿತ ನಾಲಿಗೆಯನ್ನು ಕಷ್ಟಪಟ್ಟು ಹಿಂದಕ್ಕೆ ಹೊರಳಿಸಿದಳು.

"ಹಡದವ್ವಾ," ಎಂದಳು.

ಶಿವಗಂಗವ್ವ "ಓ" ಅಂದಳು.